ಲಸಿಕೆ ಸುದ್ದಿ ಚಾನೆಲ್‌ನಿಂದ ಚಾನೆಲ್‌ಗೆ ಯಾಕೆ ಬದಲಾಗುತ್ತದೆ?

ಹಸಿರೆಲೆ:
ಲಸಿಕೆ ಒಂದೇ, ಅಧ್ಯಯನವೂ ಒಂದೇ. ಆದರೆ ಒಂದು ಚಾನೆಲ್ ಜೀವ ಉಳಿಸಿತು ಅನ್ನುತ್ತದೆ, ಇನ್ನೊಂದು ಸರ್ಕಾರ ಏನೋ ಮುಚ್ಚಿಡುತ್ತಿದೆ ಅನ್ನುತ್ತದೆ. ಕೋವಿಡ್ ಹೊತ್ತಿನ ಅಮೆರಿಕದ ಸುದ್ದಿ ನೋಡಿದರೆ ಲಸಿಕೆ ಮೇಲೆ ಅನುಮಾನ ಹುಟ್ಟಿಸುವುದು ಬಲಪಂಥೀಯ ಮಾಧ್ಯಮ ಮಾತ್ರ ಅನ್ನಿಸುತ್ತದೆ. ಮೊದಲಿಂದಲೂ ಹೀಗೇನಾ?

ಸುದ್ದಿಪ್ರಿಯ:
ಇಲ್ಲ. 2005ರಲ್ಲಿ ಮಕ್ಕಳ ಲಸಿಕೆ ಕೆಡದಂತೆ ಹಾಕುತ್ತಿದ್ದ ಪಾದರಸದ ಸಂಯುಕ್ತ ಥೈಮರೋಸಾಲ್‌ಗೂ ಆಟಿಸಂಗೂ ನಂಟು ಹಾಕಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ಬರೆದ ಲೇಖನ ಬಂದದ್ದು ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ ಮತ್ತು ಸಲೂನ್ ಅನ್ನುವ ಸುದ್ದಿತಾಣದಲ್ಲಿ. ಎರಡೂ ಎಡಕ್ಕೆ ವಾಲಿದವು. ಔಷಧ ಕಂಪನಿಗಳು ದುಡ್ಡಿಗಾಗಿ ಏನು ಬೇಕಾದರೂ ಮಾಡುತ್ತವೆ ಅಂತ ಮೊದಲೇ ನಂಬಿದ್ದ ಓದುಗರು ಅದನ್ನು ಸಲೀಸಾಗಿ ಒಪ್ಪಿಕೊಂಡರು. ತಪ್ಪುಗಳು ಹೊರಬಂದು 2011ರಲ್ಲಿ ಸಲೂನ್ ಅದನ್ನು ತೆಗೆದುಹಾಕಿತು. ಅದೇ ಕೆನಡಿ 2025ರಲ್ಲಿ ಟ್ರಂಪ್ ಸರ್ಕಾರದ ಆರೋಗ್ಯ ಸಚಿವರಾದರು. ಎಡದವರಿಗೆ ಕಂಪನಿ ಮೇಲೆ ಅನುಮಾನ, ಬಲದವರಿಗೆ ಸರ್ಕಾರದ ಮೇಲೆ. ಸುದ್ದಿಯವರು ಆ ಅನುಮಾನಕ್ಕೆ ನೀರೆರೆಯುತ್ತಾರೆ.

ಕಡಲತೀರ:
ಬ್ರಿಟನ್ ಕಥೆ ನೋಡಿ, ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಯನ್ನು ಆಟಿಸಂಗೆ ತಳುಕು ಹಾಕಿದ ವೈದ್ಯ ವೇಕ್‌ಫೀಲ್ಡ್ ಅವರ ಪ್ರಬಂಧ ಬಂದದ್ದು 1998ರಲ್ಲಿ, ಅದೂ ಬರೀ 12 ಮಕ್ಕಳ ಮೇಲೆ. ಗಲಾಟೆ ನಿಜಕ್ಕೂ ಜೋರಾದದ್ದು ಪ್ರಧಾನಿ ಟೋನಿ ಬ್ಲೇರ್ ತಮ್ಮ ಮಗು ಲಿಯೋಗೆ ಈ ಲಸಿಕೆ ಹಾಕಿಸಿದ್ದಾರಾ ಅನ್ನುವುದಕ್ಕೆ ನೇರ ಉತ್ತರ ಕೊಡದಿದ್ದಾಗ, 2001ರ ಕೊನೆಗೆ. ಅಲ್ಲಿಂದಾಚೆ ಇದು ವಿಜ್ಞಾನ ವರದಿಗಾರರ ಕೈ ತಪ್ಪಿ ರಾಜಕೀಯ ವರದಿಗಾರರು, ಅಂಕಣಕಾರರ ಪಾಲಾಯಿತು. ಲಸಿಕೆ ಸುರಕ್ಷಿತವೇ ಅನ್ನುವ ಪ್ರಶ್ನೆ ಹೋಗಿ ಬ್ಲೇರ್ ಅವರನ್ನು ನಂಬಬಹುದಾ ಅನ್ನುವುದು ಬಂತು. ದಡಾರ ಹರಡದಿರಲು ಸುಮಾರು 95% ಮಕ್ಕಳಿಗೆ ಲಸಿಕೆ ಆಗಿರಬೇಕು, ಇಂಗ್ಲೆಂಡಿನಲ್ಲಿ 2003-04ರ ಹೊತ್ತಿಗೆ ಅದು 80%ಗೆ ಇಳಿದಿತ್ತು. ಇದಕ್ಕೆ ಬೆಲೆ ತೆತ್ತದ್ದು ಮಕ್ಕಳು, ನನಗೆ ಸಿಟ್ಟು ಬರುವುದೇ ಅಲ್ಲಿ. ಹಾಗಂತ ಪಂಥ ನೋಡಿ ಪತ್ರಿಕೆಯನ್ನೇ ತಳ್ಳಿಹಾಕಬೇಡಿ. ವೇಕ್‌ಫೀಲ್ಡ್ ಬಣ್ಣ ಬಯಲು ಮಾಡಿದ ಪತ್ರಕರ್ತ ಬ್ರಯನ್ ಡೀರ್ ಬರೆದದ್ದು ಬಲಪಂಥೀಯ ಮಾಧ್ಯಮ ದೊರೆ ಮರ್ಡೋಕ್ ಒಡೆತನದ ಸಂಡೇ ಟೈಮ್ಸ್‌ಗೆ.

ಹಸಿರೆಲೆ:
ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ಓದುವವರು ಏನನ್ನು ನೋಡಬೇಕು?

ಮುಂಗಾರು:
ನಾನು ಮೊದಲು ನೋಡುವುದು ಅಂಕಿ ಎಲ್ಲಿಂದ ಬಂತು ಅಂತ. 2021ರ ಜನವರಿಯಲ್ಲಿ ಜರ್ಮನಿಯ ಹಾಂಡೆಲ್ಸ್‌ಬ್ಲಾಟ್ ಪತ್ರಿಕೆ, ಆಸ್ಟ್ರಾಜೆನೆಕಾ ಕಂಪನಿಯ ಕೋವಿಡ್ ಲಸಿಕೆ 65 ದಾಟಿದವರಲ್ಲಿ 8% ಅಷ್ಟೇ ಕೆಲಸ ಮಾಡುತ್ತದೆ ಅಂತ ಬರೆಯಿತು. ಮೂಲ ಅಂದರೆ ಹೆಸರಿಲ್ಲದ ಸರ್ಕಾರಿ ವಲಯದವರು. ಆಗ ಇದೇ ಕಂಪನಿ ಜೊತೆ ಯುರೋಪಿಯನ್ ಒಕ್ಕೂಟ ಪೂರೈಕೆ ವಿಷಯಕ್ಕೆ ಜಗಳಕ್ಕೆ ನಿಂತಿತ್ತು. ಮರುದಿನ ಆರೋಗ್ಯ ಸಚಿವಾಲಯ ಹೇಳಿದ್ದೇನೆಂದರೆ, ಎರಡು ಅಂಕಿ ಕಲಸಿಹೋಗಿರಬೇಕು, ಪ್ರಯೋಗದಲ್ಲಿ ಭಾಗವಹಿಸಿದವರಲ್ಲಿ 56ರಿಂದ 69 ವಯಸ್ಸಿನವರು ಸುಮಾರು 8%. ಶೇಕಡಾ ಅಂತ ಕಂಡರೆ, ಯಾವುದರ ಶೇಕಡಾ ಅಂತ ನೋಡಿ. ಹೇಳಿದವರ ಹೆಸರೂ ಇಲ್ಲ ಅಂದರೆ ಶೇರ್ ಮಾಡುವ ಮುಂಚೆ ಒಂದು ದಿನ ಕಾಯಿರಿ.