ಮೈ ನೋಡಿ ಆಡಿಕೊಳ್ಳುವುದಕ್ಕೆ ಒಂದು ಪದ ಬೇಕು (ತುರ್ತು)

ಗೆಳೆಯರೇ,
ಶನಿವಾರ ನಾವೊಂದಿಷ್ಟು ಜನ ಸೇರಿ 'ಒಂದು ಮೊಟ್ಟೆಯ ಕಥೆ' (2017) ನೋಡಿ, ಆಮೇಲೆ ಮಾತುಕತೆ ಇಟ್ಟುಕೊಂಡಿದ್ದೇವೆ. ಬ್ಯಾನರ್ ನಾಳೆ ಬೆಳಗ್ಗೆ ಪ್ರಿಂಟಿಗೆ ಹೋಗಬೇಕು. ಅದರಲ್ಲಿ 'ಬಾಡಿ ಶೇಮಿಂಗ್' ಅನ್ನೋ ಇಂಗ್ಲಿಷ್ ಪದ ಬೇಡ ಅಂತ ಎಲ್ಲರೂ ಒಪ್ಪಿದ್ದಾರೆ. 'ದೇಹನಿಂದನೆ' ನನಗೆ ಒಗ್ಗುತ್ತಿಲ್ಲ. ಜಾತಿನಿಂದನೆ, ನ್ಯಾಯಾಂಗ ನಿಂದನೆ ಥರ ಕೇಳಿಸುತ್ತೆ, ಕೋರ್ಟಿನ ವಾಸನೆ. ತೆರೆಯ ಮೇಲೆ ಇದು ನಡೆಯುವುದು ನಗುನಗುತ್ತಾ ಅಲ್ವಾ? ಈ ಚಿತ್ರದಲ್ಲಂತೂ ಬೋಳುತಲೆಯಿಂದ ಕುಗ್ಗಿದ ಕನ್ನಡ ಮೇಷ್ಟ್ರೇ ದಪ್ಪ ಹುಡುಗಿಯನ್ನು ಕಂಡು ಹಿಂಜರಿಯುತ್ತಾನೆ. ಅದು ನಿಂದನೆಯಾ? 'ಮೈನಿಂದೆ' ಅಂದರೆ ನಡೆಯುತ್ತಾ?

ಮರು:
ನಡೆಯುವುದಿಲ್ಲ. ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದದ ಬೆಸುಗೆ. 'ಮೈಹಳಿಕೆ' ಅನ್ನಿ. 'ಇದಿರ ಹಳಿಯಲು ಬೇಡ' ಅಂತ ಬಸವಣ್ಣ 12ನೇ ಶತಮಾನದಲ್ಲೇ ಹೇಳಿದ್ದಾರೆ. ಪದ ಮನೆಯಲ್ಲೇ ಇದೆ, ನೀವು ಬೀದಿಯಲ್ಲಿ ಹುಡುಕುತ್ತಿದ್ದೀರಿ.

ಮರು:
ಸರ್, ಬ್ಯಾನರಿನಲ್ಲಿ 'ಹಳಿ' ಕಂಡರೆ ಜನ ರೈಲು ಬರುತ್ತೆ ಅಂದುಕೊಳ್ಳುತ್ತಾರೆ. ನಿಮ್ಮ ಲೆಕ್ಕದಲ್ಲಿ 'ಮಳೆಗಾಲ'ವೂ ಅರಿಸಮಾಸವೇ. ಕೊಡೆ ಹಿಡಿಯುವುದು ಬಿಡೋಣವೇ? ನನ್ನ ಓಟು 'ಬಾಡಿ ಶೇಮಿಂಗ್'ಗೇ. ಬಸ್ಸು, ಕಾರು ಬಂದವು, ಇದೂ ಬರಲಿ.

ಮರು:
ಬಸ್ಸು ಹೊರಗಿನಿಂದ ಬಂದದ್ದು. ಡುಮ್ಮಿ, ಕುಳ್ಳ, ಕರಿಯ ಅಂತ ಕರೆಯುವುದೂ ಹೊರಗಿನಿಂದ ಬಂತಾ?

ಮರು:
'ಕುಳ್ಳ'ನನ್ನು ಸುಮ್ನೆ ಎಳೆಯಬೇಡಿ. ದ್ವಾರಕೀಶ್ ಅದನ್ನು ಬಿರುದಿನ ಹಾಗೆ ಹೊತ್ತರು. 'ಕಳ್ಳ ಕುಳ್ಳ', 'ಪ್ರಚಂಡ ಕುಳ್ಳ' ಚಿತ್ರಗಳ ಹೆಸರುಗಳೇ.

ಮರು:
ಅವರು ತಾವೇ ಹೊತ್ತರು ಸರ್. ನನ್ನ ತಲೆಗೆ ಬೇರೆಯವರು ಕಟ್ಟಿದರು. ಆರನೇ ಕ್ಲಾಸಿನ ವಾರ್ಷಿಕೋತ್ಸವದಲ್ಲಿ ಎಲ್ಲರಿಗೂ ಕೋಲಾಟ, ನನಗೆ ಮರದ ವೇಷ. 'ನೀನಾದ್ರೆ ಸ್ಟೇಜ್ ತುಂಬತ್ತೆ' ಅಂದರು ಟೀಚರ್. ಪ್ರೀತಿಯಿಂದಲೇ ಅಂದರು. ಅಮ್ಮನೂ ನಕ್ಕರು. ಆಮೇಲೆ ನಾನು ಸ್ಟೇಜ್ ಹತ್ತಲೇ ಇಲ್ಲ. ಇದನ್ನು ನಿಂದೆ ಅನ್ನಲಾರೆ, ಹಳಿಕೆಯೂ ಅಲ್ಲ. ನಮ್ಮ ಮನೆಯಲ್ಲಿ ಇದಕ್ಕೆ 'ಆಡಿಕೊಳ್ಳೋದು' ಅಂತಾರೆ. ಬೆನ್ನ ಹಿಂದೆಯೂ ಆಡಿಕೊಳ್ಳಬಹುದು, ಎದುರಿಗೇ ನಗುತ್ತಲೂ ಆಡಿಕೊಳ್ಳಬಹುದು. ಒಂಟಿ ನಾಮಪದ ಯಾಕೆ ಬೇಕು? ಕನ್ನಡ ಕ್ರಿಯಾಪದದಲ್ಲೇ ಚೆನ್ನಾಗಿ ಉಸಿರಾಡುತ್ತೆ.

ಮರು:
ಮೇಡಂ, ಸಿಕ್ಕಿತು. ಬ್ಯಾನರಿಗೆ 'ಮೈ ನೋಡಿ ಆಡಿಕೊಂಡವರು' ಅಂತ ಕಳಿಸಿದೆ.

ಮರು:
'ಬ್ಯಾನರ್' ಯಾಕೆ? 'ಪಟ' ಅನ್ನಿ.

ಮರು:
ಪಟ ಸಂಸ್ಕೃತ, ಸರ್.