ಹೊರಡುವ ಸರ್ಕಾರ ಪರಿಸರ ನಿಯಮ ಬದಲಿಸಿದರೆ ಏನು ಮಾಡೋದು? ವಕೀಲರನ್ನು ಕೇಳಿ

ಪ್ರಶ್ನೆ (ವಿದ್ಯಾರ್ಥಿನಿ, ಜೆ.ಪಿ. ನಗರ):
ಮೇಡಂ, ನಮಸ್ತೆ. ಅಮೆರಿಕದಲ್ಲಿ ಬುಷ್ ಸರ್ಕಾರ 2008ರ ಕೊನೆಯಲ್ಲಿ, ಇನ್ನೇನು ಹೊರಡಬೇಕು ಅನ್ನುವಾಗ, ಅಳಿವಿನಂಚಿನ ಜೀವಿಗಳ ಕಾಯ್ದೆಯ ನಿಯಮ ಸಡಿಲ ಮಾಡಿತು ಅಂತ ಓದಿದೆ. ಹೊಸ ಸರ್ಕಾರ ಒಂದು ಸಹಿ ಹಾಕಿ ರದ್ದು ಮಾಡಬಹುದಿತ್ತು ಅಲ್ವಾ? ನಮ್ಮಲ್ಲಿ ಹೀಗಾದರೆ ನಾವೇನು ಮಾಡಬೇಕು?

ಉತ್ತರ (ವಕೀಲೆ):
ಎಲ್ಲ ತಾರೀಕಿನ ಮೇಲೆ ನಿಂತಿದೆ ಕಣಮ್ಮ. ಅಲ್ಲಿ ನಿಯಮ ಅವರ ಗೆಜೆಟ್‌ನಲ್ಲಿ ಬಂದು ಸಾಮಾನ್ಯವಾಗಿ 30 ದಿನಕ್ಕೆ ಜಾರಿಯಾಗುತ್ತದೆ. ದೊಡ್ಡ ಆರ್ಥಿಕ ಪರಿಣಾಮ ಇರುವುದಾದರೆ 60 ದಿನ. ನೀವು ಹೇಳಿದ ನಿಯಮ ಪ್ರಕಟವಾಗಿದ್ದು ಡಿಸೆಂಬರ್ 16ಕ್ಕೆ, ಜಾರಿಯಾಗಿದ್ದು 2009ರ ಜನವರಿ 15ಕ್ಕೆ. ಒಬಾಮಾ ಪ್ರಮಾಣವಚನ ಜನವರಿ 20ಕ್ಕೆ. ಐದೇ ದಿನ! ಜಾರಿಯಾಗದ ನಿಯಮವನ್ನು ತಡೆಹಿಡಿಯುವುದು ಸುಲಭ. ಜಾರಿಯಾದದ್ದನ್ನು ತೆಗೆಯಲು ಮತ್ತೆ ಕರಡು, ಮತ್ತೆ ಆಕ್ಷೇಪಣೆ, ಎಲ್ಲ ಮೊದಲಿನಿಂದ. ಈ ಸುತ್ತೆಲ್ಲ ಇಲ್ಲದೆ ಈ ನಿಯಮ ತೆಗೆಯಲು ಮಾರ್ಚ್‌ನಲ್ಲಿ ಅಲ್ಲಿನ ಸಂಸತ್ತು ವಿಶೇಷ ಅವಕಾಶ ಕೊಟ್ಟಿತು. ಹಾಗಾಗಿ ಏಪ್ರಿಲ್ ಕೊನೆಗೆ ವಾಪಸ್ ಪಡೆದರು.

ನನಗೆ ಸಂಕಟವಾಗುವುದು ಬೇರೆ ವಿಷಯಕ್ಕೆ. ಮೊದಲು ರಸ್ತೆಯೋ ಅಣೆಕಟ್ಟೋ ಮಾಡುವ ಇಲಾಖೆ ವನ್ಯಜೀವಿ ತಜ್ಞರನ್ನು ಕೇಳಬೇಕಿತ್ತು. ಹೊಸ ನಿಯಮದಲ್ಲಿ ಎಷ್ಟೋ ಕಡೆ ಇಲಾಖೆಯೇ ‘ತೊಂದರೆ ಇಲ್ಲ’ ಅಂದುಕೊಂಡರೆ ಸಾಕು. ಜನ ಸುಮ್ಮನಿರಲಿಲ್ಲ, ಸುಮಾರು 2 ಲಕ್ಷ ಅಭಿಪ್ರಾಯ ಕಳಿಸಿದರು. ಅವನ್ನು 32 ಗಂಟೆಯಲ್ಲಿ ಮುಗಿಸಲು 15 ಜನರನ್ನು ಕೂರಿಸಿದ್ದು ಆಗ ಸುದ್ದಿಯಾಗಿತ್ತು. ಲೆಕ್ಕ ಹಾಕಿ ನೋಡಿ, ಒಬ್ಬೊಬ್ಬರಿಗೆ ನಿಮಿಷಕ್ಕೆ ಏಳು ಪತ್ರ. ಯಾರಿಗೆ ಓದಲು ಸಾಧ್ಯ?

ಪ್ರಶ್ನೆ (ಸದಸ್ಯರು, ಯಲಹಂಕ):
ಕೊನೆ ಗಳಿಗೆಯ ನಿಯಮ ಎಲ್ಲವೂ ಕೆಟ್ಟದ್ದೇನಾ ಮೇಡಂ?

ಉತ್ತರ:
ಇಲ್ಲ ಸರ್. ಕ್ಲಿಂಟನ್ ಸರ್ಕಾರ 2001ರ ಜನವರಿಯಲ್ಲಿ, ಹೊರಡುವ ಹೊತ್ತಿಗೆ, ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಮಿತಿಯನ್ನು ಲೀಟರಿಗೆ 50 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿತು. ಬುಷ್ ಸರ್ಕಾರ ತಡೆಹಿಡಿದು, ಮತ್ತೆ ಪರಿಶೀಲಿಸಿ, ಅದೇ ವರ್ಷ ಆ 10ನ್ನೇ ಉಳಿಸಿಕೊಂಡಿತು. ಆ ಮಿತಿಯ ಬೆನ್ನಿಗೆ ಅಧ್ಯಯನ ಇದ್ದದ್ದಕ್ಕೆ ಅದು ಉಳಿಯಿತು.

ಈಗ ನಮ್ಮ ವಿಷಯ. ಕೇಂದ್ರದ 1986ರ ಪರಿಸರ (ಸಂರಕ್ಷಣೆ) ನಿಯಮಗಳಲ್ಲಿ 5(3) ಅಂತ ಇದೆ. ಕರಡು ಗೆಜೆಟ್‌ನಲ್ಲಿ ಬಂದ 60 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಕೊಡಬಹುದು. ‘ಸಾರ್ವಜನಿಕ ಹಿತಾಸಕ್ತಿ’ ಅಂತ ಬರೆದು ಈ ಹಂತ ಬಿಟ್ಟುಬಿಡಲು 5(4)ರಲ್ಲಿ ದಾರಿಯೂ ಇದೆ. ಕಣ್ಣಿಡಬೇಕಾದ್ದು ಅಲ್ಲಿ. 2020ರ ಮಾರ್ಚ್ 28ರಂದು, ಲಾಕ್‌ಡೌನ್ ಶುರುವಾಗಿ ಮೂರ್ನಾಲ್ಕು ದಿನಕ್ಕೆ, ರಸ್ತೆ, ಪೈಪ್‌ಲೈನ್ ಕಾಮಗಾರಿಗೆ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಅಂತ ಇದೇ ದಾರಿಯಲ್ಲಿ ಕೇಂದ್ರದ ಅಧಿಸೂಚನೆ ಬಂತು. ಅದು ಹೊರಡುವ ಸರ್ಕಾರದ್ದಲ್ಲ, ಆದರೆ ಅವಸರ ಅದೇ. ಕೆಲಸವೇ ನಿಂತಿರುವಾಗ ಇಷ್ಟು ಆತುರ ಯಾಕೆ, ಜನರ ಅಭಿಪ್ರಾಯ ಬೇಡ ಅನ್ನಲು ಕಾರಣ ಎಲ್ಲಿದೆ ಅನ್ನುವುದೇ ಪ್ರಶ್ನೆಯಾಯಿತು. 2024ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಆ ವಿನಾಯಿತಿಯನ್ನು ರದ್ದು ಮಾಡಿತು. ಅಷ್ಟರಲ್ಲಿ ಹೆಚ್ಚುಕಡಿಮೆ ನಾಲ್ಕು ವರ್ಷ ಕಳೆದಿತ್ತು. ತೆಗೆದ ಮಣ್ಣು ವಾಪಸ್ ಬರುವುದಿಲ್ಲ.

ಪ್ರಶ್ನೆ (ವಿದ್ಯಾರ್ಥಿನಿ):
ನಾವು ನಾಲ್ಕೈದು ಜನ ಬರೆದರೆ ಪ್ರಯೋಜನ ಇದೆಯಾ ಮೇಡಂ?

ಉತ್ತರ:
ಖಂಡಿತ ಇದೆ. ಕೋರ್ಟಿನಲ್ಲಿ ನಾನು ಮೊದಲು ಹುಡುಕುವುದೇ ನಿಮ್ಮ ಪತ್ರ. ಒಂದೇ ಮಾದರಿ ಪತ್ರ ನೂರು ಸಲ ಫಾರ್ವರ್ಡ್ ಮಾಡಬೇಡಿ. ನಿಮ್ಮ ಕೆರೆ, ನಿಮ್ಮ ರಾಜಕಾಲುವೆ, ಮಳೆ ಬಂದಾಗ ನೀರು ಯಾವ ಮೆಟ್ಟಿಲವರೆಗೆ ಬಂತು, ಅದನ್ನು ಬರೆಯಿರಿ, ಫೋಟೋ ಹಚ್ಚಿ. ಒಂದು ಕೇಸಿನಲ್ಲಿ ಎಂಟು ಪುಟದ ಒಳ್ಳೆಯ ಆಕ್ಷೇಪಣೆ ಇತ್ತು. ಕೊಟ್ಟಿದ್ದಕ್ಕೆ ಸ್ವೀಕೃತಿ ಮಾತ್ರ ಇರಲಿಲ್ಲ. ಆ ದಿನ ನನಗೆ ಅಳುವೇ ಬಂದಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಇಮೇಲ್ ಕಳಿಸಿದರೂ ಒಂದು ಪ್ರತಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಕೈಯಾರೆ ಕೊಟ್ಟರೆ ಕಚೇರಿಯ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಗೂ ಸೀಲ್ ಹಾಕಿಸಿ. ಇಂಕು ಮಸುಕಾಗಿದ್ದರೆ ಇನ್ನೊಂದು ಸಲ ಹಾಕಿ ಅಂತ ಕೇಳಿ. ತಾರೀಕು ಕಾಣಬೇಕು.