ಎರಡು ಸಾಲಿನ ಗೋಡೆ ಗಡಿಯಾರ: ಲಂಡನ್ ಸಮಯ ಸರಿಯಾಗಿ ಒಂದು ಗಂಟೆ ಹಿಂದೆ ಇದೆ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಇಎಸ್‌ಪಿ 8266 ಎಂಬ ವೈಫೈ ಇರುವ ಪುಟ್ಟ ಗಣಕ ಬೋರ್ಡ್ ಮತ್ತು ಒಂದು ಚಿಕ್ಕ ಪರದೆ ಸೇರಿಸಿ ಅಡುಗೆಮನೆಯ ಗೋಡೆಗೆ ಗಡಿಯಾರ ಕಟ್ಟಿದ್ದೇನೆ. ಮೇಲಿನ ಸಾಲಿನಲ್ಲಿ ನಮ್ಮ ಸಮಯ, ಕೆಳಗಿನ ಸಾಲಿನಲ್ಲಿ ಲಂಡನ್ ಸಮಯ. ಮಗಳು ಅಲ್ಲಿ ಓದುತ್ತಿದ್ದಾಳೆ. ಫೋನ್ ಮಾಡುವ ಮೊದಲು ಬೆರಳು ಮಡಚಿ ಲೆಕ್ಕ ಹಾಕುವುದು ಮನೆಯವರಿಗೆ ತಪ್ಪಲಿ ಎಂಬುದು ಉದ್ದೇಶ. ಜನವರಿಯಿಂದ ಚೆನ್ನಾಗಿಯೇ ನಡೆಯುತ್ತಿತ್ತು. ಮಾರ್ಚ್ ಕೊನೆಯಿಂದ ಲಂಡನ್ ಸಾಲು ಮಾತ್ರ ಒಂದು ಗಂಟೆ ಹಿಂದೆ ಬಿದ್ದಿದೆ. ಮೇಲಿನ ಸಾಲಿನಲ್ಲಿ ದೋಷವಿಲ್ಲ.

ಕೋಡ್ ಸರಳ. ಅಂತರ್ಜಾಲದ ಸಮಯ ಸರ್ವರ್‌ನಿಂದ ಸಮಯ ತರುತ್ತದೆ, 19800 ಸೆಕೆಂಡು (ಐದೂವರೆ ಗಂಟೆ) ಕೂಡಿಸಿ ನಮ್ಮ ಸಮಯ ತೋರಿಸುತ್ತದೆ. ಆ 19800 ಅನ್ನು ಕಳೆದರೆ ಲಂಡನ್. ಸರ್ವರ್ ಬದಲಾಯಿಸಿದೆ, ಬೋರ್ಡ್ ಬದಲಾಯಿಸಿದೆ, ಏನೂ ಆಗಲಿಲ್ಲ. ಬೋರ್ಡಿನ ಮೇಲಿರುವ, ಕಾಲದ ಮಿಡಿತ ಕೊಡುವ ಕ್ರಿಸ್ಟಲ್‌ನಲ್ಲಿ ದೋಷವಿರಬಹುದೇ?

ಬೆಸುಗೆಬಂಟ:
ಕ್ರಿಸ್ಟಲ್ ಕೆಟ್ಟರೆ ಸಮಯ ಸೆಕೆಂಡು ಸೆಕೆಂಡಾಗಿ ಜಾರುತ್ತದೆ. ರಾತ್ರೋರಾತ್ರಿ ಅಳತೆ ಮಾಡಿದಂತೆ ಒಂದು ಗಂಟೆ ಜಾರುವುದಿಲ್ಲ. ನಿಮ್ಮ ಯಂತ್ರದಲ್ಲಿ ಯಾವ ದೋಷವೂ ಇಲ್ಲ. ಅದು ತೋರಿಸುತ್ತಿರುವುದು ಗ್ರೀನಿಚ್ ಸಮಯ, ಅಂದರೆ ಜಿಎಂಟಿ. ಲಂಡನ್ ಜನರ ಕೈಗಡಿಯಾರದಲ್ಲಿ ಈಗ ಇರುವುದು ಬ್ರಿಟಿಷ್ ಬೇಸಿಗೆ ಸಮಯ, ಅಂದರೆ ಬಿಎಸ್‌ಟಿ. ಅದು ಒಂದು ಗಂಟೆ ಮುಂದೆ. ಈ ವರ್ಷ ಮಾರ್ಚ್ 29ರಂದು, ಅಂದರೆ ಮಾರ್ಚ್‌ನ ಕೊನೆಯ ಭಾನುವಾರ, ರಾತ್ರಿ 1 ಗಂಟೆಗೆ ಅಲ್ಲಿನ ಗಡಿಯಾರಗಳೆಲ್ಲ 2ಕ್ಕೆ ಜಿಗಿದಿವೆ. ನಮ್ಮಲ್ಲಿ ಆಗ ಬೆಳಗ್ಗೆ 6:30. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಮಗೂ ಅವರಿಗೂ ಇರುವ ಅಂತರ ನಾಲ್ಕೂವರೆ ಗಂಟೆ. ಚಳಿಗಾಲದಲ್ಲಿ ಮಾತ್ರ ಐದೂವರೆ.

ಸಮಯ ಸರ್ವರ್ ಕೊಡುವುದು ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಎಂಬ ಪ್ರಮಾಣ ಸಮಯವನ್ನು ಮಾತ್ರ. ಯಾವ ಊರಿನಲ್ಲಿ ಈಗ ಎಷ್ಟು ಗಂಟೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಹಾಗಾಗಿ ಸರ್ವರ್ ಎಷ್ಟು ಬದಲಿಸಿದರೂ ಫಲವಿಲ್ಲ.

ಅಡ್ಡದಾರಿ:
ಇಷ್ಟಕ್ಕೆಲ್ಲ ಕೋಡ್ ಏಕೆ ಸಾರ್? ಪೆಟ್ಟಿಗೆಯ ಬದಿಗೆ ಒಂದು ಸ್ವಿಚ್ ಕೂರಿಸಿ. ಮಾರ್ಚ್‌ನಲ್ಲಿ ಒತ್ತಿದರೆ 3600 ಸೆಕೆಂಡು ಕೂಡಲಿ, ಅಕ್ಟೋಬರ್‌ನಲ್ಲಿ ಒತ್ತಿದರೆ ಕಳೆಯಲಿ. ಮುಳ್ಳಿನ ಕೈಗಡಿಯಾರ ಇದ್ದರೆ ಅದೂ ಬೇಡ, ತಲೆಕೆಳಗು ಹಿಡಿದರೆ ಲಂಡನ್ ಸಮಯ ಕಾಣುತ್ತದೆ. ನಮ್ಮಲ್ಲಿ 3 ಗಂಟೆ ಇದ್ದಾಗ ತಿರುಗಿಸಿ ನೋಡಿ, 9:30 ಎಂದು ಓದಬಹುದು.

ಬೆಸುಗೆಬಂಟ:
ಆ ಕೈಗಡಿಯಾರದ ಚಮತ್ಕಾರ ನಿಜ, ಆದರೆ ಅದಕ್ಕೂ ಇವರ ಗಡಿಯಾರದ ಕಾಯಿಲೆಯೇ ಇದೆ. ಚಳಿಗಾಲದಲ್ಲಿ ಸರಿ, ಏಪ್ರಿಲ್‌ನಲ್ಲಿ ಒಂದು ಗಂಟೆ ಕಡಿಮೆ. ಸ್ವಿಚ್ ಬಗ್ಗೆ ನನ್ನ ತಕರಾರು ಬೇರೆ. ವರ್ಷಕ್ಕೆ ಎರಡು ಸಲ ನೆನಪಿಟ್ಟು ಒತ್ತಬೇಕಾದ ಗುಂಡಿಯನ್ನು ಒತ್ತಲು ಯಾರಿಗೂ ನೆನಪಿರುವುದಿಲ್ಲ. ನೆನಪಾಗುವುದು ಮಗಳು ನಿದ್ದೆಗಣ್ಣಿನಲ್ಲಿ ಫೋನ್ ಎತ್ತಿದಾಗ.

ತುಂಗಾತೀರ ಅವರೇ, ಕೂಡಿಸುವ ಕಳೆಯುವ ಲೆಕ್ಕವನ್ನೇ ಕಿತ್ತು ಹಾಕಿ. ಬೋರ್ಡಿನ ಒಳಗೆ ಯುಟಿಸಿ ಮಾತ್ರ ಇರಲಿ. ಲಂಡನ್‌ಗೆ ಸಂಖ್ಯೆಯ ಬದಲು ನಿಯಮ ಕೊಡಿ. ಆ ನಿಯಮ ಒಂದೇ ಸಾಲಿನದು (ಕೋಡ್‌ನಲ್ಲಿ ಅಕ್ಷರಗಳನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಬರೆಯಿರಿ):

ಜಿಎಂಟಿ0ಬಿಎಸ್‌ಟಿ,ಎಂ3.5.0/1,ಎಂ10.5.0

ಚಳಿಗಾಲದ ಹೆಸರು ಜಿಎಂಟಿ, ಯುಟಿಸಿಯೊಂದಿಗೆ ವ್ಯತ್ಯಾಸ ಸೊನ್ನೆ, ಬೇಸಿಗೆಯ ಹೆಸರು ಬಿಎಸ್‌ಟಿ. ಮುಂದಿನದು ಬದಲಾಗುವ ದಿನ: 3 ಎಂದರೆ ಮಾರ್ಚ್, 5 ಎಂದರೆ ಕೊನೆಯ ವಾರ, 0 ಎಂದರೆ ಭಾನುವಾರ, ಓರೆಗೀಟಿನ ನಂತರದ 1 ಎಂದರೆ ರಾತ್ರಿ ಒಂದು ಗಂಟೆ. ಐದನೇ ಭಾನುವಾರವೇ ಇಲ್ಲದ ತಿಂಗಳಿನಲ್ಲೂ 5 ಎಂಬುದು ಕೊನೆಯ ಭಾನುವಾರವನ್ನೇ ಹಿಡಿಯುತ್ತದೆ. ಅಕ್ಟೋಬರ್ ಭಾಗದಲ್ಲಿ ಗಂಟೆ ಬರೆದಿಲ್ಲ, ಬರೆಯದಿದ್ದರೆ 2 ಎಂದು ಲೆಕ್ಕ. ಬೇಸಿಗೆ ಸಮಯದ 2 ಗಂಟೆಗೆ ಅಲ್ಲಿ ಗಡಿಯಾರವನ್ನು 1ಕ್ಕೆ ಹಿಂದೆ ತಿರುಗಿಸುವುದರಿಂದ ಅದೇ ಸರಿಯಾದದ್ದು.

ಪ್ರತಿ ಸಾಲು ಬರೆಯುವ ಮೊದಲು ಸೆಟ್‌ಎನ್ವ್ ಎಂಬ ಆದೇಶದ ಮೂಲಕ ಆ ಊರಿನ ನಿಯಮ ಕೊಟ್ಟು, ಅದನ್ನು ಜಾರಿಗೆ ತರುವ ಟಿಜೆಡ್‌ಸೆಟ್ ಕರೆದು, ಆಮೇಲೆ ಆ ಊರಿನ ಸಮಯ ಕೊಡುವ ಲೋಕಲ್‌ಟೈಮ್ ಕರೆಯಿರಿ.

ಥೇಮ್ಸ್‌ದಂಡೆ:
ಲಂಡನ್‌ನಿಂದಲೇ ಬರೆಯುತ್ತಿದ್ದೇನೆ. ಮೇಲಿನವರು ಹೇಳಿದ್ದು ಸರಿ. ಈ ಗೊಂದಲ ನಿಮ್ಮೊಬ್ಬರದ್ದಲ್ಲ, ಇಲ್ಲಿನ ನನ್ನ ಸಹೋದ್ಯೋಗಿಗಳೂ ಜುಲೈನಲ್ಲಿ "ಮೂರು ಗಂಟೆ ಜಿಎಂಟಿ" ಎಂದು ಮಿಂಚಂಚೆ ಕಳಿಸುತ್ತಾರೆ. ಅವರ ಮನಸ್ಸಿನಲ್ಲಿರುವುದು ಬಿಎಸ್‌ಟಿ. ಬೆಂಗಳೂರಿನವರು ಅದನ್ನು ಅಕ್ಷರಶಃ ನಂಬಿ ಒಂದು ಗಂಟೆ ತಡವಾಗಿ ಬರುತ್ತಾರೆ.

ಗ್ರೀನಿಚ್ ವೀಕ್ಷಣಾಲಯದ ಗೇಟಿನ ಪಕ್ಕ 1852ರಲ್ಲಿ ಗೋಡೆಗೆ ಕೂರಿಸಿದ ಗಡಿಯಾರವಿದೆ, ಶೆಫರ್ಡ್ ಗಡಿಯಾರ ಎನ್ನುತ್ತಾರೆ. ಅದು ವರ್ಷವಿಡೀ ಜಿಎಂಟಿಯನ್ನೇ ತೋರಿಸುತ್ತದೆ. ಮುಖದ ಮೇಲೆ 24 ಗಂಟೆಗಳಿವೆ, ಹಾಗಾಗಿ ನಡುಮಧ್ಯಾಹ್ನ ಗಂಟೆಮುಳ್ಳು ನೇರ ಕೆಳಗೆ ಇರುತ್ತದೆ. ಬೇಸಿಗೆಯಲ್ಲಿ ಅಲ್ಲಿಗೆ ಹೋದ ಪ್ರವಾಸಿಗರು ತಮ್ಮ ಫೋನ್ ನೋಡಿ, ಗಡಿಯಾರ ನೋಡಿ, ಇದು ಕೆಟ್ಟಿದೆ ಎಂದು ತೀರ್ಮಾನಿಸುವುದನ್ನು ನೋಡಲು ಮಜವಾಗಿರುತ್ತದೆ. ತುಂಗಾತೀರ ಅವರ ಕೆಳಗಿನ ಸಾಲು ಆ ಗಡಿಯಾರದ ನಿಖರ ಪ್ರತಿ. ಬೇಕಿದ್ದರೆ "ಲಂಡನ್" ಅಳಿಸಿ "ಗ್ರೀನಿಚ್ ಗೇಟು" ಎಂದು ಬರೆದುಬಿಡಿ, ದುರಸ್ತಿ ಮುಗಿಯಿತು.

ತುಂಗಾತೀರ:
ಬೆಸುಗೆಬಂಟರಿಗೆ ಧನ್ಯವಾದ. ನೀವು ಹೇಳಿದಂತೆ ಬರೆದೆ. ಎರಡೂ ಊರಿನ ಸಮಯವನ್ನು ಮೊದಲು ತೆಗೆದುಕೊಂಡು, ಆಮೇಲೆ ಎರಡನ್ನೂ ಒಟ್ಟಿಗೆ ಪರದೆಗೆ ಕಳಿಸುತ್ತಿದ್ದೇನೆ. ಈಗ ಲಂಡನ್ ಸರಿಯಾಗಿದೆ. ಆದರೆ ಮೇಲಿನ ಸಾಲಿನಲ್ಲೂ ಲಂಡನ್ ಸಮಯವೇ ಬರುತ್ತಿದೆ! ಮನೆಯವರು ಅದನ್ನು ನೋಡಿ ಬೆಳಗಿನ ತಿಂಡಿಗೆ ಇನ್ನೂ ಸಮಯವಿದೆ ಎನ್ನುತ್ತಿದ್ದಾರೆ.

ಬೆಸುಗೆಬಂಟ:
ಲೋಕಲ್‌ಟೈಮ್ ಪ್ರತಿ ಸಲವೂ ಉತ್ತರವನ್ನು ಒಂದೇ ಜಾಗದಲ್ಲಿ ಬರೆದು ಆ ಜಾಗದ ವಿಳಾಸ ಕೊಡುತ್ತದೆ. ಎರಡನೇ ಸಲ ಕರೆದಾಗ ಮೊದಲಿನ ಉತ್ತರ ಅಳಿಸಿಹೋಗುತ್ತದೆ. ನಿಮ್ಮ ಎರಡು ಹೆಸರುಗಳೂ ಒಂದೇ ವಿಳಾಸಕ್ಕೆ ಕೈ ತೋರುತ್ತಿವೆ. ಅದರ ಬದಲು ಲೋಕಲ್‌ಟೈಮ್_ಆರ್ ಬಳಸಿ. ಅದಕ್ಕೆ ಉತ್ತರ ಎಲ್ಲಿಡಬೇಕೆಂದು ನೀವೇ ಹೇಳಬಹುದು, ಪ್ರತಿ ಊರಿಗೂ ಬೇರೆ ಜಾಗ ಕೊಡಿ.

ತುಂಗಾತೀರ:
ಅದು ಸರಿಹೋಯಿತು. ಈಗ ನಮ್ಮ ಸಾಲು ಹನ್ನೊಂದು ಗಂಟೆ ಹಿಂದೆ. ಸಂಜೆ ಐದಕ್ಕೆ ಬೆಳಗ್ಗೆ ಆರು ತೋರಿಸುತ್ತಿದೆ. ನಮ್ಮ ನಿಯಮವನ್ನು ಐಎಸ್‌ಟಿ+5:30 ಎಂದು ಕೊಟ್ಟಿದ್ದೇನೆ.

ಬೆಸುಗೆಬಂಟ:
ಐಎಸ್‌ಟಿ-5:30 ಎಂದು ಬರೆಯಿರಿ. ಈ ಬರವಣಿಗೆಯಲ್ಲಿ ಚಿಹ್ನೆ ಉಲ್ಟಾ. ಇಲ್ಲಿ ಕೊಡುವುದು ನಮ್ಮ ಸಮಯಕ್ಕೆ ಎಷ್ಟು ಕೂಡಿಸಿದರೆ ಯುಟಿಸಿ ಬರುತ್ತದೆ ಎಂಬುದನ್ನು. ಗ್ರೀನಿಚ್‌ನ ಪಶ್ಚಿಮಕ್ಕಿರುವ ಊರುಗಳಿಗೆ ಅಧಿಕ, ಪೂರ್ವಕ್ಕಿರುವ ನಮಗೆ ಋಣ. ಐದೂವರೆ ಮುಂದೆ ಇರಬೇಕಾದವರು ಐದೂವರೆ ಹಿಂದೆ ಹೋದರೆ ಒಟ್ಟು ಹನ್ನೊಂದು ಗಂಟೆ. ಉಳಿದೆಡೆ ಎಲ್ಲರೂ ಯುಟಿಸಿ+5:30 ಎಂದು ಬರೆಯುವಾಗ ಇದೊಂದು ಕಡೆ ಮಾತ್ರ ತಿರುವುಮುರುವು. ಏಕೆ ಹಾಗಿಟ್ಟರೋ, ಇಟ್ಟವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮೈಸೂರುಮೇಷ್ಟ್ರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಗಡಿಯಾರದ ಪ್ರಶ್ನೆಯಲ್ಲ. ಲಂಡನ್‌ನ ಮಕ್ಕಳಿಗೆ ಪ್ರತಿ ಭಾನುವಾರ ಮೈಸೂರಿನಿಂದ ಕನ್ನಡ ಪಾಠ ಮಾಡುತ್ತೇನೆ, ನಮ್ಮ ಸಮಯ ಮಧ್ಯಾಹ್ನ 3:30ಕ್ಕೆ. ಚಳಿಗಾಲದಲ್ಲಿ ಅವರಿಗೆ ಬೆಳಗ್ಗೆ 10 ಗಂಟೆ. ಏಪ್ರಿಲ್‌ನಿಂದ ಮಕ್ಕಳ ಕ್ಯಾಲೆಂಡರ್‌ನಲ್ಲಿ ಅದು 11 ಎಂದು ತೋರಿಸುತ್ತಿದೆ, ಈಜು ತರಗತಿಗೆ ಅಡ್ಡ ಬರುತ್ತಿದೆ ಎಂದು ತಾಯಂದಿರ ದೂರು. ನಾನಂತೂ ಏನನ್ನೂ ಮುಟ್ಟಿಲ್ಲ.

ಥೇಮ್ಸ್‌ದಂಡೆ:
ಮೇಷ್ಟ್ರೇ, ನೀವು ಮುಟ್ಟಲಿಲ್ಲ ಎಂಬುದೇ ಇಲ್ಲಿನ ಕಾರಣ. ಪಾಠವನ್ನು ನೀವು ಭಾರತದ ಸಮಯಕ್ಕೆ ಕಟ್ಟಿ ಇಟ್ಟಿದ್ದೀರಿ. ಹಾಗೆ ಕಟ್ಟಿದ ಗೂಟ ಅಲುಗುವುದಿಲ್ಲ, ಅಲುಗುವುದು ಇಲ್ಲಿನ ಗಡಿಯಾರ. ಆ ಸರಣಿಯನ್ನು ತೆಗೆದು ಹೊಸದಾಗಿ ಹಾಕಿ, ಸಮಯ ವಲಯದ ಜಾಗದಲ್ಲಿ ಲಂಡನ್ ಆರಿಸಿ, ಬೆಳಗ್ಗೆ 10 ಎಂದು ಕೊಡಿ. ಆಗ ಮಕ್ಕಳಿಗೆ ಸದಾ 10, ನಿಮಗೆ ಬೇಸಿಗೆಯಲ್ಲಿ 2:30, ಚಳಿಗಾಲದಲ್ಲಿ 3:30. ಯಾರಾದರೊಬ್ಬರು ಅಲುಗಲೇಬೇಕು. ಹನ್ನೆರಡು ಮನೆಗಳಿಗಿಂತ ಒಬ್ಬ ಮೇಷ್ಟ್ರು ಅಲುಗುವುದು ಸುಲಭ ಎಂದು ನನ್ನ ಅನಿಸಿಕೆ, ಊಟದ ನಂತರದ ನಿದ್ದೆಗೆ ಸ್ವಲ್ಪ ಕತ್ತರಿ ಬೀಳಬಹುದು.

ವಿಂಡೋಸ್ ಇರುವ ಕಂಪ್ಯೂಟರ್‌ನಲ್ಲಿ ಆರಿಸುವಾಗ ಎಚ್ಚರ. ಪಟ್ಟಿಯಲ್ಲಿ ಸೊನ್ನೆ ವ್ಯತ್ಯಾಸದ ಸಾಲುಗಳು ಒಂದಕ್ಕಿಂತ ಹೆಚ್ಚು ಇವೆ. ಡಬ್ಲಿನ್, ಎಡಿನ್‌ಬರೊ, ಲಿಸ್ಬನ್, ಲಂಡನ್ ಇರುವ ಸಾಲು ಬೇಸಿಗೆಯಲ್ಲಿ ತಾನಾಗಿ ಬದಲಾಗುತ್ತದೆ, ಅದರ ಮುಂದೆ ಬರೆದ ಸೊನ್ನೆ ಮಾತ್ರ ಜುಲೈನಲ್ಲೂ ಸೊನ್ನೆಯೇ. ಮನ್ರೋವಿಯಾ, ರೇಕ್ಯಾವಿಕ್ ಇರುವ ಸಾಲು ಬದಲಾಗುವುದಿಲ್ಲ. ನಮ್ಮ ಕಚೇರಿಯಲ್ಲಿ ಒಬ್ಬರು ಬೇಸಿಗೆಯಿಡೀ ಐಸ್‌ಲ್ಯಾಂಡ್ ಸಮಯದಲ್ಲಿ ಬದುಕಿದ್ದರು.

ಅಡ್ಡದಾರಿ:
ನ್ಯೂಯಾರ್ಕ್ ಮಕ್ಕಳೂ ಸೇರಿಕೊಂಡರೆ?

ಥೇಮ್ಸ್‌ದಂಡೆ:
ಆಗ ಮೇಷ್ಟ್ರು ಪಾಠ ಬಿಟ್ಟು ಜ್ಯೋತಿಷ್ಯ ಹಿಡಿಯಬೇಕು. ಅಮೆರಿಕದಲ್ಲಿ 2007ರಿಂದ ಗಡಿಯಾರ ಬದಲಾಗುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಈ ವರ್ಷ ಅವರು ಮಾರ್ಚ್ 8ಕ್ಕೇ ಮುಂದೆ ಹೋದರು, ನಾವು 29ಕ್ಕೆ. ಆ ಮೂರು ವಾರ ಲಂಡನ್ ಮತ್ತು ನ್ಯೂಯಾರ್ಕ್‌ಗಳ ಅಂತರ ಐದು ಗಂಟೆಯ ಬದಲು ನಾಲ್ಕು. ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ ಮತ್ತೆ ಹಾಗೆಯೇ. ಆ ವಾರಗಳಲ್ಲಿ ಬಾಯಿಲೆಕ್ಕ ನಂಬಬೇಡಿ.

ತುಂಗಾತೀರ:
ಎರಡೂ ಸಾಲು ಸರಿಯಾಗಿವೆ. ಎರಡು ಉಪಪ್ರಶ್ನೆಗಳು. ಅಕ್ಟೋಬರ್‌ವರೆಗೆ ಕಾಯದೆ ಇದನ್ನು ಪರೀಕ್ಷಿಸುವುದು ಹೇಗೆ? ಇನ್ನೊಂದು ವಿಚಿತ್ರ. ಕರೆಂಟ್ ಹೋಗಿ ಬಂದಾಗ, ವೈಫೈ ಸಿಗುವವರೆಗೆ ಪರದೆಯ ಮೇಲೆ 1970 ಜನವರಿ 1, ನಮಗೆ 5:30, ಲಂಡನ್‌ಗೆ 0:00 ಎಂದು ಬರುತ್ತದೆ. ಗಣಕದ ಸೆಕೆಂಡುಗಳ ಎಣಿಕೆ ಆ ದಿನದಿಂದ ಆರಂಭ ಎಂಬುದು ಗೊತ್ತು. ಆದರೆ ಅದೇ ಕ್ಷಣವನ್ನು ಲ್ಯಾಪ್‌ಟಾಪ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕೇಳಿದರೆ ಲಂಡನ್‌ನಲ್ಲಿ 1:00 ಎನ್ನುತ್ತದೆ. ಜನವರಿಯಲ್ಲಿ ಬೇಸಿಗೆ ಸಮಯವೇ?

ಬೆಸುಗೆಬಂಟ:
ಪೈಥಾನ್ ಹೇಳಿದ್ದೇ ಸತ್ಯ, ಇದು ನನಗೆ ಬಹಳ ಇಷ್ಟವಾದ ಸಂಗತಿ. 1968ರ ಅಕ್ಟೋಬರ್‌ನಿಂದ 1971ರ ಅಕ್ಟೋಬರ್‌ವರೆಗೆ ಬ್ರಿಟನ್ ಒಂದು ಪ್ರಯೋಗ ಮಾಡಿತು. ಚಳಿಗಾಲದಲ್ಲೂ ಗಡಿಯಾರ ಹಿಂದಕ್ಕೆ ತಿರುಗಿಸದೆ ವರ್ಷವಿಡೀ ಒಂದು ಗಂಟೆ ಮುಂದೆಯೇ ಇದ್ದರು. ಸಂಜೆಗೆ ಬೆಳಕು ಸಿಕ್ಕಿತು, ಬೆಳಗು ಕತ್ತಲಾಯಿತು. ಸ್ಕಾಟ್‌ಲೆಂಡಿನ ಉತ್ತರದಲ್ಲಂತೂ ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವಾಗ ಹತ್ತು ಗಂಟೆಯ ಹತ್ತಿರ, ಮಕ್ಕಳು ಕತ್ತಲಲ್ಲೇ ಶಾಲೆಗೆ. 1970ರ ಡಿಸೆಂಬರ್‌ನಲ್ಲಿ ಸಂಸತ್ತು 366ಕ್ಕೆ 81 ಮತಗಳಿಂದ ಅದನ್ನು ಕೈಬಿಟ್ಟಿತು. ಗಣಕಗಳ ಎಣಿಕೆಯ ಸೊನ್ನೆ ಆ ಮೂರು ವರ್ಷಗಳ ನಡುವೆ ಬಂದು ಬಿದ್ದಿದೆ.

ಲ್ಯಾಪ್‌ಟಾಪ್‌ನಲ್ಲಿ ಊರು ಊರಿನ ಸಮಯದ ಚರಿತ್ರೆಯೇ ಇರುವ ದತ್ತಾಂಶವಿದೆ. ನಿಮ್ಮ ಬೋರ್ಡಿಗೆ ಗೊತ್ತಿರುವುದು ಇವತ್ತಿನ ಒಂದು ಸಾಲಿನ ನಿಯಮ, ಅದನ್ನೇ 1970ಕ್ಕೂ ಅಂಟಿಸುತ್ತದೆ. ಗೋಡೆ ಗಡಿಯಾರಕ್ಕೆ ಅಷ್ಟು ಸಾಕು. ನಾಳೆ ಬ್ರಿಟನ್ ಕಾನೂನು ಬದಲಿಸಿದರೆ ಆ ಸಾಲನ್ನು ನೀವೇ ತಿದ್ದಬೇಕು, ಅಷ್ಟೇ. ವೈಫೈ ಸಿಗುವವರೆಗೆ ಪರದೆಯಲ್ಲಿ ಅಡ್ಡಗೆರೆಗಳನ್ನು ತೋರಿಸಿ, ಸುಳ್ಳು ಸಮಯಕ್ಕಿಂತ ಮೇಲು.

ಪರೀಕ್ಷೆಗೆ: ಸರ್ವರ್ ಸಂಪರ್ಕ ನಿಲ್ಲಿಸಿ, ಸಮಯವನ್ನು 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ, ಕೈಯಾರೆ 1774745990 ಎಂದು ಕೊಡಿ. ಹತ್ತು ಸೆಕೆಂಡಿನಲ್ಲಿ ಲಂಡನ್ 0:59ರಿಂದ 2:00ಕ್ಕೆ ಜಿಗಿಯಬೇಕು. ಆಮೇಲೆ 1792889990 ಕೊಡಿ. ಅದು ಅಕ್ಟೋಬರ್ 25, 1:59ರಿಂದ 1:00ಕ್ಕೆ ಹಿಂದೆ ಬರಬೇಕು. ಅಂದು ಲಂಡನ್‌ನಲ್ಲಿ 1:30 ಎರಡು ಸಲ ಆಗುತ್ತದೆ, ಮಾರ್ಚ್ 29ರಂದು 1:30 ಆಗುವುದೇ ಇಲ್ಲ. ಹಾಗಾಗಿ ಆ ಹೊತ್ತಿಗೆ ಅಲಾರಂ ಇಡುವ ಆಲೋಚನೆ ಇದ್ದರೆ ಬಿಡಿ.

ಪಂಚಾಂಗಪ್ರಿಯ:
ಸದ್ಯ ನಮ್ಮ ದೇಶಕ್ಕೆ ಈ ಗೋಳು ಎಂದೂ ಇರಲಿಲ್ಲ ಎಂದು ಯಾರಾದರೂ ಬರೆಯುವ ಮೊದಲೇ ಹೇಳುತ್ತೇನೆ, ಇತ್ತು. ಎರಡನೇ ಮಹಾಯುದ್ಧದಲ್ಲಿ, 1942 ಸೆಪ್ಟೆಂಬರ್ 1ರಿಂದ 1945 ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರ ಯುಟಿಸಿಗಿಂತ ಆರೂವರೆ ಗಂಟೆ ಮುಂದಿತ್ತು. ಆ ಅವಧಿಯಲ್ಲಿ ಹುಟ್ಟಿದ ಹಿರಿಯರ ಜಾತಕ ಹಾಕುವಾಗ ಒಂದು ಗಂಟೆ ಕಳೆಯದಿದ್ದರೆ ಲಗ್ನವೇ ಬದಲಾಗಬಹುದು. ಲಂಡನ್‌ನಲ್ಲಿರುವವರಿಗೂ ಒಂದು ಮಾತು: ಬೆಂಗಳೂರಿನ ಪಂಚಾಂಗದ ರಾಹುಕಾಲದಿಂದ ನಾಲ್ಕೂವರೆ ಗಂಟೆ ಕಳೆದು ಬಳಸಬೇಡಿ. ರಾಹುಕಾಲ ನಿಂತಿರುವುದು ಆಯಾ ಊರಿನ ಸೂರ್ಯೋದಯ ಸೂರ್ಯಾಸ್ತಗಳ ಮೇಲೆ.

ತುಂಗಾತೀರ:
ಎರಡೂ ಪರೀಕ್ಷೆ ನಡೆಸಿದೆ. ಮಾರ್ಚ್ ಜಿಗಿತ, ಅಕ್ಟೋಬರ್ ಹಿಂಜಿಗಿತ ಎರಡೂ ಹೇಳಿದಂತೆಯೇ ಆದವು. ಅಡ್ಡಗೆರೆಯನ್ನೂ ಸೇರಿಸಿದ್ದೇನೆ. ಲಂಡನ್ ಸಾಲಿನ ಕೊನೆಗೆ ಜಿಎಂಟಿ ಅಥವಾ ಬಿಎಸ್‌ಟಿ ಎಂದು ತೋರಿಸುವ ವ್ಯವಸ್ಥೆಯೂ ಆಯಿತು. ರಾತ್ರಿ ಪರದೆಯ ಬೆಳಕು ತಾನಾಗಿ ತಗ್ಗುವಂತೆ ಮಾಡಲು ಯಾವ ಸೆನ್ಸರ್ ಒಳ್ಳೆಯದು?

ಬೆಸುಗೆಬಂಟ:
ಅದಕ್ಕೆ ಬೇರೆ ಪ್ರಶ್ನೆ ಹಾಕಿ, ಪರದೆಯ ಮಾದರಿಯನ್ನೂ ಬರೆಯಿರಿ. ಇದನ್ನು "ಪರಿಹಾರವಾಗಿದೆ" ಎಂದು ಗುರುತು ಮಾಡುತ್ತಿದ್ದೇನೆ.